ಅರ್ಧ ದಿನದ ರಜೆ

2024 ನವೆಂಬರ್ 19, ಮಂಗಳವಾರ

ಸಂಜೆ ಆಫೀಸಿನಲ್ಲಿ ನಮ್ಮ ಮಹಡಿ ಗುಡಿಸುವ ಅಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ, ಚೀಲದಿಂದ ಆಸ್ಪತ್ರೆಯ ಚೀಟಿ ತೆಗೆದು ತೋರಿಸಿದರು. ನಾಲ್ಕಾಗಿ ಮಡಚಿದ್ದ ಆ ಕಾಗದ ಮಡಿಕೆಯ ಗೆರೆಯಲ್ಲಿ ಹರಿಯುವಂತಾಗಿತ್ತು. ಬಿಪಿ ಮಾತ್ರೆಯ ಹೆಸರು, ಅದರ ಕೆಳಗೆ ಉಪ್ಪು ಕಡಿಮೆ ಮಾಡಿ, ವಿಶ್ರಾಂತಿ ತೆಗೆದುಕೊಳ್ಳಿ, ಬುಧವಾರ ಬೆಳಿಗ್ಗೆ ಮತ್ತೆ ಬನ್ನಿ ಎಂಬ ಸೂಚನೆ.

“ಚಿಂತೆ ಮಾಡಬೇಡಿ ಅಂತಾರೆ ಡಾಕ್ಟರು. ಅರ್ಧ ದಿನ ರಜೆ ಕೇಳೋದೇ ನನಗೆ ದೊಡ್ಡ ಚಿಂತೆ, ಮೇಡಂ.”

ಸೂಪರ್‌ವೈಸರ್ ಹತ್ತಿರ ನಾನು ಮಾತಾಡಲೇ ಎಂದು ಕೇಳಿದೆ. ಅವರು ಗಾಬರಿಯಾದರು. “ಬೇಡಿ, ಬೇಡಿ. ಆಮೇಲೆ ನನ್ನನ್ನ ಬೇರೆ ಕಟ್ಟಡಕ್ಕೆ ಹಾಕಿಬಿಡ್ತಾರೆ.”

ಕಳೆದ ತಿಂಗಳು ನಾನು ಹಲ್ಲಿನ ವೈದ್ಯರ ಬಳಿ ಹೋಗಬೇಕಾದಾಗ ಹೊರಡುತ್ತಿದ್ದೇನೆಂದು ಒಂದು ಸಾಲಿನ ಸಂದೇಶ ಕಳುಹಿಸಿದ್ದಷ್ಟೇ. ಯಾರ ಮುಖವನ್ನೂ ನೋಡಬೇಕಾಗಿ ಬರಲಿಲ್ಲ.

ಮನೆಗೆ ಬಂದ ಮೇಲೆ ಕೆಲಸದ ದರ್ಜೆಗೂ ಆರೋಗ್ಯಕ್ಕೂ ಇರುವ ನಂಟನ್ನು ತೋರಿಸಿದ ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನವೇ ತಲೆಯಲ್ಲಿ ಸುತ್ತುತ್ತಿದೆ. 1967ರಲ್ಲಿ ಆರಂಭವಾದ ಆ ಅಧ್ಯಯನದಲ್ಲಿದ್ದ ಸುಮಾರು 18,000 ಪುರುಷರೂ ಸರ್ಕಾರಿ ನೌಕರರೇ. ಒಬ್ಬರೂ ನಿರ್ಗತಿಕರಲ್ಲ, ಎಲ್ಲರಿಗೂ ಸಂಬಳವಿತ್ತು, ಸರ್ಕಾರದ ಉಚಿತ ವೈದ್ಯಕೀಯ ಸೇವೆಯಿತ್ತು. ಹಾಗಿದ್ದೂ ಹತ್ತು ವರ್ಷಗಳ ಅವಧಿಯಲ್ಲಿ ಅತ್ಯಂತ ಕೆಳ ದರ್ಜೆಯವರ ಸಾವಿನ ಪ್ರಮಾಣ ಮೇಲಿನ ದರ್ಜೆಯವರ ಸುಮಾರು 3 ಪಟ್ಟು ಇತ್ತೆಂದು ಸಂಶೋಧಕ ಮೈಕೆಲ್ ಮಾರ್ಮಟ್ ಮತ್ತು ಅವರ ಸಂಗಡಿಗರು ಕಂಡುಕೊಂಡರು. ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಆ ಅಂತರ ಪೂರ್ತಿ ಕರಗಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ: ವ್ಯತ್ಯಾಸ ಅತ್ಯಂತ ಕೆಳಗಿನವರು ಮತ್ತು ಉಳಿದವರ ನಡುವೆ ಮಾತ್ರ ಇರಲಿಲ್ಲ, ಪ್ರತಿ ಮೆಟ್ಟಿಲಿನಲ್ಲೂ ಇತ್ತು; ತುತ್ತತುದಿಯವರಿಗಿಂತ ಅವರ ಕೆಳಗಿನವರ ಆಯಸ್ಸೂ ಕಡಿಮೆಯೇ.

ಹೃದಯಾಘಾತವೆಂದರೆ ಜವಾಬ್ದಾರಿ ಹೊತ್ತ ದೊಡ್ಡವರ ಕಾಯಿಲೆ ಎಂದು ಜನ ನಂಬಿದ್ದ ಕಾಲವದು. 1985ರಲ್ಲಿ ಮಹಿಳೆಯರನ್ನೂ ಸೇರಿಸಿಕೊಂಡು ಶುರುವಾದ ಎರಡನೆಯ ಅಧ್ಯಯನ, ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚೆಂದು ತೋರಿಸಿತು. ಯಾವಾಗ ಏಳಬೇಕು, ಯಾವಾಗ ಕೂರಬೇಕು, ಕಾಯಿಲೆ ಬಿದ್ದರೆ ಯಾವಾಗ ಹೋಗಬಹುದು ಎಂಬುದನ್ನು ಬೇರೆಯವರು ನಿರ್ಧರಿಸುವ ಬದುಕು ವರ್ಷಗಟ್ಟಲೆ ನಡೆದರೆ ದೇಹ ಅದರ ಬೆಲೆ ತೆರುತ್ತದೆ. ಸಂಬಳ ಹೆಚ್ಚಿಸಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸಂಬಳ ಹೆಚ್ಚಿದರೂ ಪ್ರತಿ ಅರ್ಧ ದಿನಕ್ಕೆ ಕೈಯೊಡ್ಡಬೇಕಾದ ಸ್ಥಿತಿ ಹಾಗೇ ಉಳಿದೀತು. ಕೆಲಸದ ವೇಳಾಪಟ್ಟಿಯನ್ನು ಮೊದಲೇ ತಿಳಿಸುವುದು, ಆಸ್ಪತ್ರೆಯ ಚೀಟಿಯಿದ್ದರೆ ಯಾರ ಒಪ್ಪಿಗೆಯನ್ನೂ ಕೇಳದೆ ಸಂಬಳಸಹಿತ ರಜೆ ಕೊಡುವುದು, ಇವು ಸಂಸ್ಥೆಯನ್ನು ಮುಳುಗಿಸುವಷ್ಟು ದುಬಾರಿಯ ಕ್ರಮಗಳಲ್ಲ. ಮೇಲಿರುವವರು ಬಿಟ್ಟುಕೊಡಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಬೇಡ ಎನ್ನುವ ಅಧಿಕಾರವನ್ನು, ಮತ್ತು ಅದನ್ನು ತಾವಾಗಿಯೇ ಬಿಟ್ಟುಕೊಡುವಂತೆ ಅವರನ್ನು ಯಾರು ತಾನೇ...