ಹೊಸದರ ಥರ ಆಗಿದೆ ಅಲ್ವಾ?

ಮಂಗಳವಾರದಿಂದ ಈ ಪ್ರಶ್ನೆ ಕಿವಿಯಿಂದ ಇಳಿಯುತ್ತಿಲ್ಲ. ಕೇಳಿದಾಕೆ ಗಂಧದ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಟ್ಯೂಬ್‌ಲೈಟಿನ ಬೆಳಕು ಮುಚ್ಚಳದ ಮೇಲೆ ಬೀಳುವ ಹಾಗೆ ವಾಲಿಸಿ ತೋರಿಸುತ್ತಿದ್ದರು. ಮುಖದ ತುಂಬ ಸಂತೋಷ. "ಹೊಸದರ ಥರ ಆಗಿದೆ ಅಲ್ವಾ?"

ಆಗಿತ್ತು. ಹೋದ ತಿಂಗಳು ಕೊಂಡ ಟೀಪಾಯಿಯ ಥರ ಆಗಿತ್ತು.

ಅಡಿ ಉದ್ದ, ಎಂಟು ಇಂಚು ಅಗಲದ ಒಡವೆ ಪೆಟ್ಟಿಗೆ. ಸಾಗರ, ಸೊರಬದ ಕಡೆಯ ಗುಡಿಗಾರರ ಕೆಲಸ. ಮುಚ್ಚಳದ ನಡುವೆ ಗಜಲಕ್ಷ್ಮಿ, ಸುತ್ತ ಬಳ್ಳಿ, ಬಳ್ಳಿಯ ಸಂದಿಯಲ್ಲಿ ಗಿಳಿ, ಜಿಂಕೆ, ಆನೆ. ಖಾಲಿ ಜಾಗ ಕಂಡರೆ ಗುಡಿಗಾರರ ಉಳಿ ಸುಮ್ಮನಿರುವುದಿಲ್ಲ, ಒಂದು ಎಲೆಯನ್ನಾದರೂ ಸುರುಳಿ ಸುತ್ತಿಸುತ್ತದೆ. ಮೂರು ವರ್ಷದ ಹಿಂದೆ ಇದೇ ಪೆಟ್ಟಿಗೆ ಕಾಸಿದ ತುಪ್ಪದ ತಳದ ಗಸಿಯ ಬಣ್ಣಕ್ಕಿತ್ತು. ಮುಚ್ಚಳದಲ್ಲಿ ಒಂದು ಸೀಳು, ಬೀಗದ ಬಳಿ ಬೆರಳು ತಾಗಿ ತಾಗಿ ಸವೆದ ಹೊಂಡ. ತೆರೆದರೆ ಪರಿಮಳ ಘಮ್ಮೆಂದು ಬಡಿಯುತ್ತಿರಲಿಲ್ಲ, ನಿಧಾನವಾಗಿ ಏಳುತ್ತಿತ್ತು. ಈಗ ತೆರೆದಾಗ ಬಂದದ್ದು ಥಿನ್ನರಿನ ವಾಸನೆ.

ಶ್ರೀಗಂಧದ ಕೆತ್ತನೆಗೆ ವಾರ್ನಿಶ್ ಬೇಡ. ಎಣ್ಣೆ ಇರುವುದು ಚೇಗಿನಲ್ಲಿ, ಅಂದರೆ ಮರದ ನಡುವಿನ ಗಟ್ಟಿ ತಿರುಳಿನಲ್ಲಿ, ಅದು ಮರದ ರಂಧ್ರಗಳಿಂದ ವರ್ಷಗಟ್ಟಲೆ ಇಷ್ಟಿಷ್ಟೇ ಹೊರಬರಬೇಕು. ಮೇಲೆ ಪ್ಲಾಸ್ಟಿಕ್ಕಿನಂಥ ಪೊರೆ ಎಳೆದರೆ ಮರ ಬಾಯಿ ಮುಚ್ಚುತ್ತದೆ. ಈ ಪೆಟ್ಟಿಗೆಗೆ ಎಳೆದದ್ದು ಯಾವ ಪೊರೆ ಎಂದು ತಿಳಿಯಲು ಎರಡು ಹತ್ತಿಯ ಕಡ್ಡಿ ಸಾಕಾಯಿತು. ಮೊದಲನೆಯದನ್ನು ಸ್ಪಿರಿಟ್‌ನಲ್ಲಿ ಅದ್ದಿ, ತಳದ ಮೂಲೆಯಲ್ಲಿ ಹತ್ತು ಸೆಕೆಂಡು ಒತ್ತಿ ಹಿಡಿಯಬೇಕು. ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಅರಗಿನ ಪಾಲಿಶ್, ಬಿಡಿಸಬಹುದು. ಎರಡನೆಯದನ್ನು ಥಿನ್ನರಿನಲ್ಲಿ ಅದ್ದಿ ಹಾಗೆಯೇ ಒತ್ತಬೇಕು. ಮೆತ್ತಗಾದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್, ತಾಳ್ಮೆಯಿದ್ದರೆ ಅದನ್ನೂ ಬಿಡಿಸಬಹುದು. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್). ಮೆಲಮೈನಿಗೆ ಆಮ್ಲದ ಹಾರ್ಡನರ್ ಬೆರೆಸಿ ಹೊಡೆಯುತ್ತಾರೆ. ಒಮ್ಮೆ ಗಟ್ಟಿಯಾದ ಮೇಲೆ ಅದು ಯಾವ ಥಿನ್ನರಿನಲ್ಲೂ ಕರಗದು. ಸಪಾಟು ಹಲಗೆಯಾದರೆ ಪೇಂಟ್ ರಿಮೂವರ್ ಹಚ್ಚಿ ಕೆರೆಯಬಹುದಿತ್ತು. ಗಿಳಿಯ ಕೊಕ್ಕಿನೊಳಗಿಂದ ಕೆರೆಯುವುದು ಹೇಗೆ?

ಇಲ್ಲಿ ಎರಡೂ ಹತ್ತಿ ಬೆಳ್ಳಗೇ ವಾಪಸು ಬಂದವು.

ಪಾಲಿಶ್ ಮಾಡಿದವನನ್ನು ಬೈಯಲು ಮನಸ್ಸಾಗುವುದಿಲ್ಲ. ಬಾಗಿಲು, ಸೋಫಾ, ಮಂಚಗಳಿಗೆ ಅವನ ಕೈ ಒಳ್ಳೆಯದೇ. ಇಲ್ಲೂ ಮೂರು ಕೋಟ್ ಸಮವಾಗಿ ಬಂದಿದೆ, ಎಲ್ಲೂ ಸೋರಿಲ್ಲ. ಬಾಗಿಲಿಗೆ ಮಾಡುವ ಹಾಗೆ ಮೊದಲು ಮರಳು ಕಾಗದ ಉಜ್ಜಿದ್ದಾನೆ, ಅಷ್ಟೇ. ಜಿಂಕೆಯ ಕಿವಿ ಮೊಂಡಾಗಿದೆ, ಲಕ್ಷ್ಮಿಗೆ ಮೂಗಿಲ್ಲ. ಬೈಸಿಕೊಳ್ಳಬೇಕಾದವರು "ಇದಕ್ಕೊಂದು ಗತಿ ಕಾಣಿಸು" ಎಂದು ಮನೆಯಲ್ಲಿ ಪದೇ ಪದೇ ಹೇಳಿದ ಭಾವನವರು. ಮನೆಗೊಬ್ಬರಂತೆ ಇಂಥವರು ಇದ್ದೇ ಇರುತ್ತಾರೆ.

ಮಾಡಬೇಕಿದ್ದದ್ದು ಒಂದು ಮಧ್ಯಾಹ್ನದ ಕೆಲಸ. ಮುಖಕ್ಕೆ ಸೋಪು ಹಚ್ಚುವ ಮೆತ್ತನೆಯ ಶೇವಿಂಗ್ ಬ್ರಶ್, ಹೊಸದಾಗಿರಲಿ. ವ್ಯಾಕ್ಯೂಮಿನ ಮೂತಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಬೇಕು, ಸಡಿಲವಾದ ಚೂರು ಹಾರಿ ಒಳಗೆ ಹೋಗದಿರಲಿ ಎಂದು. ಒಂದು ಕೈಯಲ್ಲಿ ಬ್ರಶ್ಶಿನಿಂದ ಧೂಳು ಎಬ್ಬಿಸುತ್ತ, ಇನ್ನೊಂದರಲ್ಲಿ ಎಳೆದುಕೊಳ್ಳುತ್ತ ಹೋಗಬೇಕು. ಆಮೇಲೂ ಉಳಿದ ಜಿಡ್ಡಿಗೆ ಉಗುಳು. ನಗಬೇಡಿ, ಮ್ಯೂಸಿಯಮ್ಮುಗಳಲ್ಲೂ ಇದನ್ನೇ ಮಾಡುತ್ತಾರೆ, ಎಂಜಲಿನ ಕಿಣ್ವಗಳಿಗೆ ಕೊಳೆ ಸಡಿಲುತ್ತದೆ. ಹತ್ತಿಯ ಕಡ್ಡಿಗೆ ಹಚ್ಚಿ ಉರುಳಿಸಬೇಕು, ಉಜ್ಜಬಾರದು. ಹಿಂದೆಯೇ ಡಿಸ್ಟಿಲ್ಡ್ ನೀರಿನ ಕಡ್ಡಿ, ಅದರ ಹಿಂದೆ ಒಣ ಕಡ್ಡಿ. ಕೊಬ್ಬರಿ ಎಣ್ಣೆ ಸುತರಾಂ ಬೇಡ: ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಮೇಣವೂ ಬೇಡ, ಕೆತ್ತನೆಯ ಆಳದಲ್ಲಿ ಬೆಳ್ಳಗೆ ಒಣಗಿ ಕೂರುತ್ತದೆ. ಒಳಗೆ ನುಸಿಗುಳಿಗೆ ಇಡುವ ಅಭ್ಯಾಸವನ್ನಂತೂ ಬಿಡಬೇಕು. ಅದರ ಹಬೆಗೆ ಹಳೆಯ ಪಾಲಿಶೂ ಪ್ಲಾಸ್ಟಿಕ್ ಮಣಿಗಳೂ ಮೆತ್ತಗಾಗುತ್ತವೆ.

ಸೀಳನ್ನು ಪುಟ್ಟಿಯಿಂದ ಮುಚ್ಚಿದ್ದಾನೆ. ಮರ ಅಡ್ಡಗಲಕ್ಕೆ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆ ಸೀಳು ಮರ ಉಸಿರಾಡಲು ಮಾಡಿಕೊಂಡ ಜಾಗ. ಅಲ್ಲಿ ಕಲ್ಲಿನಂಥ ಪುಟ್ಟಿ ತುಂಬಿದರೆ ಬರುವ ಆಷಾಢದಲ್ಲಿ ಮರ ಹಿಗ್ಗಲು ಎಡೆಯಿಲ್ಲದೆ ಇನ್ನೊಂದು ಕಡೆ ಬಿಡುತ್ತದೆ. ಬಿಟ್ಟುಕೊಂಡಿದ್ದ ಮೂಲೆಯ ಜೋಡಣೆಗೆ ಬಿಳಿ ಗೋಂದು ಸುರಿದಿದ್ದಾನೆ. ಹಳೆಯ ಬಡಗಿಗಳು ಚರ್ಮ, ಎಲುಬು ಕುದಿಸಿ ಮಾಡುತ್ತಿದ್ದ ವಜ್ರವೆಂಬ ಅಂಟು ಬಿಸಿ, ತೇವ ಎರಡೂ ತಾಗಿದರೆ ಮೆತ್ತಗಾಗಿ ಬಿಡುತ್ತಿತ್ತು, ಮುಂದಿನ ಬಡಗಿ ಬಿಚ್ಚಿ ಮತ್ತೆ ಕೂಡಿಸಬಹುದಿತ್ತು. ಈ ಗೋಂದನ್ನು ಅಷ್ಟು ಸುಲಭಕ್ಕೆ ಬಿಚ್ಚಲಾಗದು.

ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಚುಚ್ಚಿದ್ದು ಕೀಲುಗಳು. ಹಿತ್ತಾಳೆಯ ಹಳೆಯ ಕೀಲು ಹೋಗಿ ಹೊಳೆಯುವ ಹೊಸ ಕೀಲು ಬಂದಿದೆ, ಅದಕ್ಕೆ ತಲೆಯಲ್ಲಿ ಪ್ಲಸ್ ಗುರುತಿನ ಸ್ಕ್ರೂ. ಪೆಟ್ಟಿಗೆಯ ವಯಸ್ಸು ಹೇಳುವ ಮೊದಲ ಸಾಕ್ಷಿಯೇ ಸ್ಕ್ರೂ. ಪ್ಲಸ್ ತಲೆ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಸೀಳುತಲೆಯದಾದರೆ ಒಂದನ್ನು ಬಿಚ್ಚಿ ತುದಿ ನೋಡಬೇಕು. ಚೂಪು ತುದಿಯ ಯಂತ್ರದ ಸ್ಕ್ರೂಗಳು ಹರಡಿದ್ದು 1840ರ ದಶಕದ ನಂತರ, ಅದಕ್ಕೆ ಮೊದಲಿನವು ಮೊಂಡು, ತಲೆಯ ಸೀಳು ನಡುವಿಂದ ಸರಿದಿರುವುದೂ ಉಂಟು. ಹುಳು ಕೊರೆದ ತೂತು ತೋರಿಸಿ "ನೂರೈವತ್ತು ವರ್ಷದ್ದು" ಎನ್ನುವ ಅಂಗಡಿಯವರೂ ಇದ್ದಾರೆ. ಗುಂಡುಪಿನ್ನು ಹಾಕಿ ನೋಡಿ: ನೆಟ್ಟಗೆ ಇಳಿದರೆ ಡ್ರಿಲ್ಲಿನ ಕೆಲಸವೆಂದು ಅನುಮಾನಿಸಿ. ಹುಳು ಒಳಗೆ ಅಂಕುಡೊಂಕಾಗಿ ಹೋಗುತ್ತದೆ.

ಪೆಟ್ಟಿಗೆ ಅಮೆರಿಕದ ಮಗಳಿಗೆ. ನೂರು ವರ್ಷ ದಾಟಿದ ಇಂಥ ಕರಕುಶಲ ವಸ್ತು 1972ರ ಕಾಯಿದೆಯ ಪ್ರಕಾರ ಪ್ರಾಚ್ಯವಸ್ತು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ ಎಂದಾಗ ಆಕೆ ಗೆದ್ದವರಂತೆ ನಕ್ಕರು. "ಈಗ ಹೊಸದರ ಥರ ಇದೆಯಲ್ಲ, ಯಾರಿಗೆ ಗೊತ್ತಾಗುತ್ತೆ?" ಪಾಲಿಶ್ ಬಳಿದರೆ ಕಾನೂನಿನ ಲೆಕ್ಕದಲ್ಲಿ ವಯಸ್ಸು ಇಳಿಯುವುದಿಲ್ಲ, ಆದರೆ ಆ ನಗುವಿನ ಎದುರು ಕಾನೂನು ಹೇಳುವುದು ಕಷ್ಟ.

ಎರಡು ದಿನ ಸಿಟ್ಟಿತ್ತು. ಆಮೇಲೆ ಆ ಸಿಟ್ಟಿನ ಮೇಲೇ ಅನುಮಾನ ಶುರುವಾಯಿತು. ಶುಕ್ರವಾರ ಬಂತೆಂದರೆ ದೀಪದ ಕಂಬಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುವ ಮನೆ ಅದು. ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ. ಅಲ್ಲಿ ಹೊಳಪೆಂದರೆ ಅಕ್ಕರೆ, ಮಾಸಲು ಬಿಡುವುದು ಅಸಡ್ಡೆ. ಮಗಳಿಗೆ ಕೊಡುವ ಪೆಟ್ಟಿಗೆ ಮಂಕಾಗಿದ್ದರೆ ಆ ತಾಯಿಗೆ ನಿದ್ದೆ ಬರುತ್ತಿತ್ತೇ? ನಮ್ಮಂಥ ಸಂಗ್ರಾಹಕರು ಹಳೆಯ ಮೆರುಗು, ಕಾಲದ ಮುದ್ರೆ ಎಂದೆಲ್ಲ ಹೊಗಳುವುದು ಬೇರೆಯವರ ಅಜ್ಜಿಯರ ಕೈಯ ಬೆವರು, ಎಣ್ಣೆ, ಅರಿಶಿನ. ಅದಕ್ಕೆ ನಾವು ದುಡ್ಡು ಕೊಡುತ್ತೇವೆ. ಅವರದು ಎಂಬ ಕಾರಣಕ್ಕೆ ಅವರೇ ತೊಳೆದರೆ ನಮಗೆ ಎದೆ ಉರಿಯುತ್ತದೆ. ಈ ಉರಿಯಲ್ಲಿ ಮರದ ಮೇಲಿನ ಪ್ರೀತಿ ಎಷ್ಟು, ಬೆಲೆ ಬಿದ್ದುಹೋಯಿತೆಂಬ ಲೆಕ್ಕ ಎಷ್ಟು, ಪ್ರಾಮಾಣಿಕವಾಗಿ ಬೇರ್ಪಡಿಸಲು ಬರುವುದಿಲ್ಲ.

ಆದರೂ ಲಕ್ಷ್ಮಿಯ ಮೂಗು ಲಕ್ಷ್ಮಿಯ ಮೂಗೇ.

ಗುರುವಾರ ಹಳೆಯ ಕೀಲುಗಳನ್ನು ಹುಡುಕಿಸಿದೆವು. ಪಾಲಿಶ್‌ನವನ ಡಬ್ಬಿಯಲ್ಲಿ ಎರಡೂ ಕೀಲು, ಎಂಟರಲ್ಲಿ ಐದು ಸ್ಕ್ರೂ ಸಿಕ್ಕವು. ಜೋಡಿಸುವ ಮುನ್ನ ಒಳಗಿನ ಖಾನೆಗಳ ತಟ್ಟೆಯನ್ನು ಎತ್ತಿ ಬೋರಲು ಹಾಕಿದಾಗ ಕಂಡಿತು: ಕೆಂಪು ಮಖಮಲ್ಲು ಅಂಟಿಸುವ ಭರದಲ್ಲಿ ಅವನು ತಟ್ಟೆಯ ಅಡಿಗೆ ಪಾಲಿಶ್ ಹೊಡೆದೇ ಇರಲಿಲ್ಲ. ಅಂಗೈಯಷ್ಟು ಜಾಗದ ಬರಿಯ ಗಂಧ. ಮೂಗು ಹತ್ತಿರ ಒಯ್ದರೆ ಪರಿಮಳ ಅಲ್ಲೇ ಇತ್ತು. ಮೂಲೆಯಲ್ಲಿ ಪೆನ್ಸಿಲಿನಿಂದ, ಕನ್ನಡ ಅಂಕಿಗಳಲ್ಲಿ, ಯಾರೋ ಬರೆದಿಟ್ಟ ಲೆಕ್ಕ: ಅಡ್ಡಿಕೆ ೧, ಬಳೆ ೪, ಮೂಗುತಿ ೧.

ಆಕೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಅಯ್ಯೋ, ಇಲ್ಲಿ ಗೀಚಿದ್ದು ಹಾಗೇ ಬಿಟ್ಟಿದ್ದಾನೆ ನೋಡಿ."