ಹಾಸಿಗೆ ಕೊಳ್ಳುವ ಮುನ್ನ ಅದರ ತೂಕ ಕೇಳಿ

ಹಾಸಿಗೆ ಅಂಗಡಿಯಲ್ಲಿ "ಅರ್ಧ ಬೆಲೆ" ಎಂಬ ಫಲಕ ಕಂಡರೆ ಮೊದಲು ಕೇಳಬೇಕಾದದ್ದು, ಯಾವ ಬೆಲೆಯ ಅರ್ಧ ಎಂದು. ಪಟ್ಟಿ ಬೆಲೆಯನ್ನು ಏರಿಸಿಟ್ಟು ವರ್ಷದ ಬಹುಪಾಲು ದಿನ ಅದರ ಮೇಲೆ ಕಡಿತ ತೋರಿಸುವುದು ಈ ವ್ಯಾಪಾರದಲ್ಲಿ ಮಾಮೂಲು. ಇಷ್ಟವಾದ ಎರಡು ಮೂರು ಹಾಸಿಗೆಗಳ ಬೆಲೆಯನ್ನು ನಾಲ್ಕರಿಂದ ಆರು ವಾರ, ವಾರಕ್ಕೊಮ್ಮೆ ಬರೆದಿಡಿ. ಆ ಅವಧಿಯಲ್ಲಿ ಮತ್ತೆ ಮತ್ತೆ ಕಾಣುವ ಕಡಿಮೆ ಬೆಲೆಯೇ ಅದರ ನಿಜವಾದ ಬೆಲೆ. ಅದಕ್ಕಿಂತ ಕೆಳಗಿಳಿದರೆ ಮಾತ್ರ ರಿಯಾಯಿತಿ.

ಆದರೆ ಬೆಲೆ ಇಳಿದದ್ದು ಅರ್ಧ ವಿಷಯ. ಆ ದುಡ್ಡಿಗೆ ಬಟ್ಟೆಯ ಒಳಗೆ ಏನು ಸಿಕ್ಕಿತು ಎಂಬುದು ಉಳಿದರ್ಧ, ಮತ್ತು ಅದನ್ನೇ ಯಾರೂ ನೋಡುವುದಿಲ್ಲ. ಹೊರಗಿನಿಂದ ಎಲ್ಲ ಹಾಸಿಗೆಗಳೂ ಬಿಳಿ ಬಟ್ಟೆ ಹೊದ್ದ ಚೌಕಗಳೇ. ಬಿಚ್ಚದೆಯೇ ಒಳಗನ್ನು ತಿಳಿಯಲು ಒಂದು ನಂಬಬಹುದಾದ ದಾರಿ ಇದೆ: ತೂಕ. ಆನ್‌ಲೈನ್ ಮಾರಾಟದ ಪುಟಗಳಲ್ಲಿ ಸಾಮಾನ್ಯವಾಗಿ ಪೆಟ್ಟಿಗೆಯ ತೂಕ ನಮೂದಾಗಿರುತ್ತದೆ. ಅಂಗಡಿಯಲ್ಲಾದರೆ ಕೇಳಿದರೆ ಹೇಳಬೇಕು.

ಲೆಕ್ಕ ಹೀಗೆ. 1.83 ಮೀಟರ್ ಉದ್ದ, 1.52 ಮೀಟರ್ ಅಗಲ, 20 ಸೆಂ.ಮೀ. ದಪ್ಪದ ಫೋಮ್ ಹಾಸಿಗೆ ಇದೆ ಎನ್ನಿ. (ಇಂಚಿನಲ್ಲಿ 72, 60, 8.) ಮೂರನ್ನೂ ಗುಣಿಸಿದರೆ 0.556 ಘನ ಮೀಟರ್. ಮೇಲೆ 5 ಸೆಂ.ಮೀ. ಮೆಮೊರಿ ಫೋಮ್ (ಒತ್ತಿದರೆ ಮೈಯಾಕಾರಕ್ಕೆ ಇಳಿದು, ಬಿಟ್ಟರೆ ನಿಧಾನವಾಗಿ ಮೇಲೇಳುವ ಬಗೆ), ಅದರ ಸಾಂದ್ರತೆ ಘನ ಮೀಟರಿಗೆ 50 ಕೆ.ಜಿ.; ಕೆಳಗೆ 15 ಸೆಂ.ಮೀ. ಸಾಮಾನ್ಯ ಫೋಮ್, ಸಾಂದ್ರತೆ 32 ಎಂದು ಮಾರುವವರು ಹೇಳುತ್ತಾರೆ. ಹಾಗಿದ್ದರೆ ಮೇಲಿನ ಪದರ ಸುಮಾರು 7 ಕೆ.ಜಿ., ಕೆಳಗಿನದು 13 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು, ಹೊದಿಕೆ ಒಂದೂವರೆಯಿಂದ ಎರಡು ಕೆ.ಜಿ. ಒಟ್ಟು 22 ಕೆ.ಜಿ. ಆಸುಪಾಸು ತೂಗಬೇಕು. ಅದೇ ಹಾಸಿಗೆಯ ತೂಕ 15 ಕೆ.ಜಿ. ಎಂದು ನಮೂದಾಗಿದ್ದರೆ ಹೊದಿಕೆ ಕಳೆದು ಉಳಿಯುವುದು 13. ಅದನ್ನು 0.556ರಿಂದ ಭಾಗಿಸಿ: ಸರಾಸರಿ ಸಾಂದ್ರತೆ 23 ಚಿಲ್ಲರೆ. ಹೇಳಿದ ಪದರಗಳು ಅದರಲ್ಲಿಲ್ಲ. ಒಂದೆರಡು ಕೆ.ಜಿ. ವ್ಯತ್ಯಾಸ ಸಹಜ, ಏಳು ಕೆ.ಜಿ. ಸಹಜವಲ್ಲ.

ಸಾಂದ್ರತೆಗೆ ಇಷ್ಟು ಮಹತ್ವ ಏಕೆಂದರೆ, ಫೋಮ್ ಎಂಬುದು ಬಹುಪಾಲು ಗಾಳಿಯೇ. ಗಾಳಿಗುಳ್ಳೆಗಳ ಸುತ್ತಲಿನ ತೆಳು ಎಳೆಗಳಷ್ಟೇ ಮೈಭಾರ ಹೊರುತ್ತವೆ. ಸಾಂದ್ರತೆ ಕಡಿಮೆ ಎಂದರೆ ಆ ಎಳೆಗಳಲ್ಲಿ ಸರಕು ಕಡಿಮೆ. ಪ್ರತಿ ರಾತ್ರಿ ಅದೇ ಜಾಗದಲ್ಲಿ ಒತ್ತಡ, ಮೈಯ ಬಿಸಿ, ಬೆವರಿನ ತೇವ ಬಿದ್ದು ಎಳೆಗಳು ಸಡಿಲವಾಗುತ್ತವೆ, ಕಡಿಯುತ್ತವೆ. ಸೊಂಟದ ಜಾಗದಲ್ಲಿ ಗುಂಡಿ ಬೀಳುತ್ತದೆ. ಕೆಳಪದರದ ಸಾಮಾನ್ಯ ಫೋಮ್ 24ಕ್ಕಿಂತ ಕಡಿಮೆ ಇದ್ದರೆ ಯಾವಾಗಲೋ ಬರುವ ಅತಿಥಿಗೆ ಸರಿ, ದಿನಬಳಕೆಗೆ ಬೇಡ. 28ರಿಂದ 32 ದಿನಬಳಕೆಗೆ ನಡೆಯುತ್ತದೆ. ಎಚ್‌ಆರ್ ಫೋಮ್ ಎಂದು ಕರೆಯುವ, ಒತ್ತಿ ಬಿಟ್ಟರೆ ತಟ್ಟನೆ ಮೇಲೇಳುವ ಫೋಮ್ 35ರಿಂದ 40 ಇದ್ದರೆ ಚೆನ್ನಾಗಿ ಬಾಳುತ್ತದೆ. ಮೆಮೊರಿ ಫೋಮಿಗೆ ಅಳತೆಯೇ ಬೇರೆ: 45ಕ್ಕಿಂತ ಕೆಳಗೆ ಇಳಿಯಬೇಡಿ, 50ರಿಂದ 60 ಒಳ್ಳೆಯದು, 65 ದಾಟಿದರೆ ಉತ್ತಮ, ಆದರೆ ಬೆಲೆಯೂ ಏರುತ್ತದೆ. ಮಲಗುವವರ ತೂಕ 90 ಕೆ.ಜಿ. ಮೀರಿದ್ದರೆ ಪ್ರತಿಯೊಂದರಲ್ಲೂ ಒಂದು ಮೆಟ್ಟಿಲು ಮೇಲಿನದನ್ನೇ ಆರಿಸಿ.

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಸಾಂದ್ರತೆ ಬೇರೆ, ಗಟ್ಟಿತನ ಬೇರೆ. ಗಟ್ಟಿತನವನ್ನು ಫೋಮಿಗೆ ದುಂಡು ತಟ್ಟೆಯೊಂದನ್ನು ಒತ್ತಿ, ನಿಗದಿತ ಆಳಕ್ಕೆ ಇಳಿಸಲು ಎಷ್ಟು ಬಲ ಬೇಕಾಯಿತು ಎಂದು ಅಳೆಯುತ್ತಾರೆ. ಅದಕ್ಕೆ ಐಎಲ್‌ಡಿ ಎಂಬ ಹೆಸರಿದೆ. ಕಡಿಮೆ ಸಾಂದ್ರತೆಯ ಫೋಮನ್ನೂ ಗಟ್ಟಿಯಾಗಿ ತಯಾರಿಸಬಹುದು. ಅಂಗಡಿಯಲ್ಲಿ ಕೈಯಿಂದ ಒತ್ತಿ "ಎಷ್ಟು ಗಟ್ಟಿ ಇದೆ ನೋಡಿ" ಎಂದರೆ ಅದು ಬಾಳಿಕೆಯ ಸಾಕ್ಷಿಯಲ್ಲ.

ತೂಕದ ಲೆಕ್ಕಕ್ಕೂ ಎರಡು ಅಪವಾದಗಳಿವೆ. ಒಂದು ರೀಬಾಂಡೆಡ್ ಫೋಮ್: ಚೂರು ಫೋಮುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಬಣ್ಣಬಣ್ಣದ ಹಲಗೆ. ಅದು ಭಾರ, ಗಟ್ಟಿ, ಅಗ್ಗ. ತಳಪದರವಾಗಿ ಇರಲಿ, ಹಾಸಿಗೆಯ ಬಹುಭಾಗ ಅದೇ ಆಗಿದ್ದು ಬೆಲೆ ಮಾತ್ರ ಎಚ್‌ಆರ್ ಫೋಮಿನಷ್ಟಿದ್ದರೆ ಬಿಟ್ಟುಬಿಡಿ. ಇನ್ನೊಂದು, ಫೋಮ್ ತಯಾರಿಸುವಾಗಲೇ ಸುಣ್ಣಕಲ್ಲಿನ ಪುಡಿಯಂಥ ಭರ್ತಿ ಸೇರಿಸಿ ತೂಕ ಏರಿಸುವುದು. ತೂಕ ಬರುತ್ತದೆ, ಶಕ್ತಿ ಬರುವುದಿಲ್ಲ. ಅಂಥ ಫೋಮಿನ ಕತ್ತರಿಸಿದ ಅಂಚನ್ನು ಬೆರಳಲ್ಲಿ ಉಜ್ಜಿದರೆ ಪುಡಿ ಪುಡಿಯಾಗಿ ಉದುರಬಹುದು. ಆದ್ದರಿಂದ ಒಟ್ಟು ತೂಕದ ಜೊತೆಗೆ ಪ್ರತಿ ಪದರದ ಹೆಸರು, ದಪ್ಪ, ಸಾಂದ್ರತೆ ಮೂರನ್ನೂ ಬರಹದಲ್ಲಿ ಕೇಳಿ. ಒಂದು ಇಮೇಲ್ ಸಾಕು. ಅದಕ್ಕೆ ಉತ್ತರ ಕೊಡದ ಕಂಪನಿಯ ಹಾಸಿಗೆ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಜಿಪ್ ಇದ್ದರೆ ತೆರೆದು ನೋಡಬಹುದಲ್ಲ ಎನ್ನಿಸುತ್ತದೆ. ಮೊದಲು ಲೇಬಲ್ ಓದಿ. ಕೆಲವು ಅಗ್ಗದ ಫೋಮ್ ಹಾಸಿಗೆಗಳಲ್ಲಿ ಬೆಂಕಿ ತಡೆಗೆಂದು ಹೊದಿಕೆಯ ಒಳಗೆ ಗಾಜಿನ ನಾರಿನ ಚೀಲ ಇರುತ್ತದೆ. "ಹೊದಿಕೆ ತೆಗೆಯಬೇಡಿ" ಎಂದು ಬರೆದಿದ್ದರೆ ಜಿಪ್ ಮುಟ್ಟಲೇಬೇಡಿ. ಆ ನಾರು ಕೋಣೆಯಲ್ಲೆಲ್ಲ ಹರಡಿದರೆ ಚರ್ಮ, ಕಣ್ಣು, ಉಸಿರಿಗೆ ತೊಂದರೆ, ತೆಗೆಯುವುದೂ ಬಹಳ ಕಷ್ಟ.

ಸ್ಪ್ರಿಂಗ್ ಹಾಸಿಗೆಯಲ್ಲಿ ಸ್ಪ್ರಿಂಗಿನ ಸಂಖ್ಯೆ ಕೇಳಿ ಮರುಳಾಗುವವರು ಹೆಚ್ಚು. "2000 ಸ್ಪ್ರಿಂಗ್" ಎಂಬುದರಲ್ಲಿ ಅರ್ಧಕ್ಕರ್ಧ ಬೆರಳಗಾತ್ರದ ಪುಟ್ಟ ಸ್ಪ್ರಿಂಗುಗಳ ಮೇಲ್ಪದರವೂ ಸೇರಿರಬಹುದು. ಸಂಖ್ಯೆ ಯಾವ ಅಳತೆಯ ಹಾಸಿಗೆಯದ್ದು, ಅದರಲ್ಲಿ ಭಾರ ಹೊರುವ ದೊಡ್ಡ ಸ್ಪ್ರಿಂಗುಗಳು ಎಷ್ಟು, ತಂತಿಯ ದಪ್ಪ ಎಷ್ಟು ಮಿಲಿಮೀಟರ್ ಎಂದು ಕೇಳಿ. ಗೇಜಿನಲ್ಲಿ ಹೇಳಿದರೆ ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳು ಎಂಬುದು ನೆನಪಿರಲಿ. ಬೊನೆಲ್ ಎಂಬ, ಒಂದಕ್ಕೊಂದು ತಂತಿಯಿಂದ ಹೆಣೆದ ಬಗೆ ಅಗ್ಗ. ಒಬ್ಬರು ಮಗ್ಗುಲು ಬದಲಿಸಿದರೆ ಪಕ್ಕದವರಿಗೆ ಅಲುಗಾಟ ತಿಳಿಯುತ್ತದೆ. ಪಾಕೆಟ್ ಬಗೆಯಲ್ಲಿ ಪ್ರತಿ ಸ್ಪ್ರಿಂಗಿಗೂ ತನ್ನದೇ ಬಟ್ಟೆಯ ಚೀಲ, ಅಲುಗಾಟ ಕಡಿಮೆ. ಒಬ್ಬರೇ ಮಲಗುವುದಾದರೆ ಈ ವ್ಯತ್ಯಾಸಕ್ಕೆ ದುಡ್ಡು ಸುರಿಯಬೇಕಿಲ್ಲ. ಎರಡರಲ್ಲೂ ಮೊದಲು ಕೆಡುವುದು ಉಕ್ಕಲ್ಲ, ಅದರ ಮೇಲಿನ ಫೋಮ್. ಹಾಗಾಗಿ ಸ್ಪ್ರಿಂಗ್ ಹಾಸಿಗೆಯಲ್ಲೂ ಮೇಲಿನ 5ರಿಂದ 8 ಸೆಂ.ಮೀ. ಫೋಮಿನ ಸಾಂದ್ರತೆ ಕೇಳದೆ ಬಿಡಬೇಡಿ.

ರಬ್ಬರಿನ ಫೋಮಾದ ಲ್ಯಾಟೆಕ್ಸನ್ನು ತೂಕವೇ ಹೇಳುತ್ತದೆ. ಮೇಲಿನ ಅಳತೆಯಲ್ಲೇ 15 ಸೆಂ.ಮೀ. ಲ್ಯಾಟೆಕ್ಸ್ ಸುಮಾರು 30 ಕೆ.ಜಿ. ತೂಗುತ್ತದೆ. "ಲ್ಯಾಟೆಕ್ಸ್ ಹಾಸಿಗೆ" ಎಂದು ಕರೆದು ಒಟ್ಟು 20 ಕೆ.ಜಿ. ಇದ್ದರೆ ಅದರಲ್ಲಿ ಲ್ಯಾಟೆಕ್ಸ್ ಇರುವುದು ಬಹುಶಃ ಕೆಲವೇ ಸೆಂ.ಮೀ.ನ ತೆಳು ಪದರ, ಉಳಿದದ್ದು ಸಾಮಾನ್ಯ ಫೋಮ್. "ನೂರಕ್ಕೆ ನೂರು ನೈಸರ್ಗಿಕ" ಎಂಬ ಮಾತೂ ಆ ಒಂದು ಪದರಕ್ಕಷ್ಟೇ ಸಂಬಂಧಿಸಿರಬಹುದು. ತೆಂಗಿನ ನಾರಿನ ಹಾಸಿಗೆ ಗಟ್ಟಿ, ಗಾಳಿಯಾಡುತ್ತದೆ. ಆದರೆ ನಾರಿಗೆ ಹಚ್ಚಿದ ರಬ್ಬರ್ ಒಣಗಿದಂತೆ ಪುಡಿ ಉದುರಿ ನಡುವೆ ತಗ್ಗಾಗುತ್ತದೆ, ಬೆಲೆ ನಿಜಕ್ಕೂ ಕಡಿಮೆ ಇದ್ದರಷ್ಟೇ ಸರಿ.

ಸರ್ಟಿಪುರ್, ಓಯೆಕೊ-ಟೆಕ್ಸ್ ಮುದ್ರೆಗಳು ಹಾನಿಕರ ರಾಸಾಯನಿಕಗಳ ಬಗ್ಗೆ ಹೇಳುತ್ತವೆ. ಹಾಸಿಗೆ ಎಷ್ಟು ವರ್ಷ ಬಾಳುತ್ತದೆ ಎಂಬ ಖಾತರಿ ಅವುಗಳಲ್ಲಿಲ್ಲ. "ಆರ್ಥೋಪೆಡಿಕ್" ಎಂಬ ಪದವನ್ನಂತೂ ಯಾರು ಬೇಕಾದರೂ ಲೇಬಲ್ ಮೇಲೆ ಹಾಕಿಕೊಳ್ಳುತ್ತಾರೆ. ಬೆನ್ನುನೋವಿಗೆ ಹಲಗೆಯಂತೆ ಗಟ್ಟಿ ಹಾಸಿಗೆಯೇ ಬೇಕೆಂಬ ನಂಬಿಕೆಗೂ ಆಧಾರ ತೆಳು. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸ್ಪೇನಿನ ಅಧ್ಯಯನದಲ್ಲಿ, ಬಹುಕಾಲದ ಕೆಳಬೆನ್ನಿನ ನೋವಿದ್ದ 313 ಜನರಲ್ಲಿ ಮಧ್ಯಮ ಗಟ್ಟಿತನದ ಹಾಸಿಗೆ ಸಿಕ್ಕವರಿಗೆ ಬಹಳ ಗಟ್ಟಿಯಾದದ್ದು ಸಿಕ್ಕವರಿಗಿಂತ ಹೆಚ್ಚು ಆರಾಮ ಸಿಕ್ಕಿತು. ಮಗ್ಗುಲಾಗಿ ಮಲಗುವವರಿಗೆ ಭುಜ, ಸೊಂಟ ಸ್ವಲ್ಪ ಇಳಿಯುವಷ್ಟು ಮೆತ್ತನೆ ಬೇಕು. ಬೋರಲು ಮಲಗುವವರಿಗೆ ಹೊಟ್ಟೆ ಇಳಿಯದಷ್ಟು ಗಟ್ಟಿ ಬೇಕು.

ಅಂಗಡಿಯಲ್ಲಿ ಕೂತು ಪುಟಿದು ನೋಡಿದರೆ ಏನೂ ತಿಳಿಯುವುದಿಲ್ಲ. ಚಪ್ಪಲಿ ಬಿಟ್ಟು, ನಿಮ್ಮದೇ ಭಂಗಿಯಲ್ಲಿ, ನಿಮ್ಮ ದಿಂಬಿನಷ್ಟೇ ಎತ್ತರದ ದಿಂಬಿಟ್ಟು ಹತ್ತು ಹದಿನೈದು ನಿಮಿಷ ಮಲಗಿ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಅಂಗೈ ಸಲೀಸಾಗಿ ಆಚೀಚೆ ಹೋದರೆ ಹಾಸಿಗೆ ನಿಮಗೆ ಗಟ್ಟಿ. ತೂರಿಸಲೇ ಆಗದಿದ್ದರೆ ಮೆತ್ತಗೆ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಹಾಸಿಗೆಯ ಮೇಲೆ ನೂರಾರು ಜನ ಮಲಗಿ ಅದು ಮೆತ್ತಗಾಗಿರುತ್ತದೆ ಎಂಬುದನ್ನು ಮರೆಯಬೇಡಿ. ಮನೆಗೆ ಬರುವ ಹೊಸದು ಮೊದಲ ಕೆಲವು ವಾರ ಅದಕ್ಕಿಂತ ಗಟ್ಟಿ ಅನ್ನಿಸುತ್ತದೆ. ಇಷ್ಟವಾದ ಹಾಸಿಗೆಯ ಹೆಸರು ಬರೆದುಕೊಂಡು ಬೇರೆಡೆ ಹುಡುಕಿದರೆ ಸಿಗದಿರಬಹುದು, ಏಕೆಂದರೆ ಒಂದೇ ಹಾಸಿಗೆಗೆ ಅಂಗಡಿಗೊಂದು ಹೆಸರಿಟ್ಟು ಮಾರುವ ರೂಢಿಯಿದೆ. ಹೆಸರನ್ನಲ್ಲ, ಪದರಗಳ ಪಟ್ಟಿಯನ್ನು ಹೋಲಿಸಿ.

ಚೌಕಾಸಿ ಮಾಡುವಾಗ ಉಚಿತ ದಿಂಬಿನ ಆಸೆ ಬೇಡ. ಸಾಗಣೆ, ಹಳೆಯದನ್ನು ಒಯ್ಯುವುದು, ನೀರು ತಡೆಯುವ ಪ್ರೊಟೆಕ್ಟರ್, ಈ ಮೂರನ್ನು ಬೆಲೆಯೊಳಗೆ ಸೇರಿಸಿಕೊಳ್ಳಿ. ಅವು ಹೇಗಿದ್ದರೂ ನಿಮ್ಮ ಜೇಬಿನಿಂದ ಹೋಗುವ ಖರ್ಚು. ಪ್ರದರ್ಶನಕ್ಕಿಟ್ಟ ಹಾಸಿಗೆಯೇ ಕಡಿಮೆಗೆ ಸಿಕ್ಕರೆ ಹೊಲಿಗೆಗಳ ಸಂದು, ಮೂಲೆ, ತಳವನ್ನು ಬೆಳಕು ಹಾಕಿ ನೋಡಿ. ಕಪ್ಪು ಚುಕ್ಕಿಗಳು ತಿಗಣೆಯ ಗುರುತು. ವಾರಂಟಿ ಬಿಲ್ಲಿನ ದಿನದಿಂದ ಶುರುವಾಗುತ್ತದೆ ಎಂದು ಬರೆಸಿಕೊಳ್ಳಿ.

ವಾರಂಟಿಯ ವರ್ಷಗಳ ಸಂಖ್ಯೆಗಿಂತ ತಗ್ಗಿನ ಆಳದ ಸಂಖ್ಯೆ ಮುಖ್ಯ. ಸಾಮಾನ್ಯವಾಗಿ 25ರಿಂದ 38 ಮಿ.ಮೀ. ತಗ್ಗು ಬಿದ್ದರಷ್ಟೇ ದೂರು ಒಪ್ಪುತ್ತಾರೆ, ಅದೂ ಯಾರೂ ಮಲಗಿರದಾಗ ಅಳೆದಂತೆ. ಅಂಚಿನಿಂದ ಅಂಚಿಗೆ ದಾರ ಬಿಗಿದು, ನಡುವೆ ಅಳತೆಪಟ್ಟಿ ಇಳಿಸಿ ನೋಡುತ್ತಾರೆ. 20 ಮಿ.ಮೀ. ತಗ್ಗೇ ಬೆನ್ನು ನೋಯಿಸಲು ಸಾಕು, ಆದರೆ ವಾರಂಟಿಗೆ ಅದು ಸಾಲದು. ಆದ್ದರಿಂದ 25 ಮಿ.ಮೀ. ಇರುವ ವಾರಂಟಿ 38 ಮಿ.ಮೀ. ಇರುವುದಕ್ಕಿಂತ ಬಹಳ ಮೇಲು. ಮೊದಲ ಕೆಲವು ವರ್ಷದ ನಂತರ ಬದಲಿ ಹಾಸಿಗೆಗೆ ನೀವೂ ಪಾಲು ಕೊಡಬೇಕೆಂಬ ಷರತ್ತು ಇದೆಯೇ ನೋಡಿ. ಒಂದು ಕಲೆ ಕಂಡರೂ ದೂರು ತಳ್ಳಿಹಾಕಬಹುದು, ಮೊದಲ ರಾತ್ರಿಯಿಂದಲೇ ಪ್ರೊಟೆಕ್ಟರ್ ಹಾಕಿ. ಮಂಚದ ಪಟ್ಟಿಗಳ ನಡುವಿನ ಸಂದು 7–8 ಸೆಂ.ಮೀ. ಮೀರಿದ್ದರೂ ವಾರಂಟಿ ಹೋಗಬಹುದು, ಹಾಸಿಗೆಯೂ ಬೇಗ ಹಾಳಾಗುತ್ತದೆ.

ನೂರು ರಾತ್ರಿಯ ಪ್ರಯೋಗಾವಧಿ ಎಂದರೆ ಸಂತೋಷ, ಆದರೆ ನಾಲ್ಕು ಪ್ರಶ್ನೆ ಕೇಳಿ. ಹಿಂದಿರುಗಿಸುವ ಮುನ್ನ ಕಡ್ಡಾಯವಾಗಿ ಎಷ್ಟು ರಾತ್ರಿ ಮಲಗಬೇಕು? ಎಷ್ಟೋ ಕಡೆ 30. ಒಯ್ಯುವ ಖರ್ಚು ಯಾರದ್ದು? ದುಡ್ಡು ವಾಪಸೋ, ಬರೀ ಬದಲಿ ಹಾಸಿಗೆಯೋ? ಮೂಲ ಪೆಟ್ಟಿಗೆ ಬೇಕೋ?

ಇಷ್ಟೆಲ್ಲ ಮಾಡುವ ಮುನ್ನ ಇದ್ದ ಹಾಸಿಗೆಗೂ ಆ ದಾರದ ಪರೀಕ್ಷೆ ಮಾಡಿ. ತಗ್ಗಿಲ್ಲದೆ ಬರೀ ಗಟ್ಟಿ ಅನ್ನಿಸುತ್ತಿದ್ದರೆ 5 ಸೆಂ.ಮೀ. ಟಾಪರ್ (ಹಾಸಿಗೆಯ ಮೇಲೆ ಹಾಸುವ ಮೆತ್ತನೆಯ ತೆಳು ಪದರ) ಸಾಕು, ಹೊಸ ಹಾಸಿಗೆಯ ಬೆಲೆಯ ಒಂದು ಪಾಲಿನಲ್ಲಿ ಮುಗಿಯುತ್ತದೆ. ತಗ್ಗಿದ್ದರೆ ಟಾಪರ್ ಆ ತಗ್ಗಿಗೇ ಇಳಿಯುತ್ತದೆ, ದುಡ್ಡು ದಂಡ. ಹಾಸಿಗೆಯನ್ನು ನೆಲಕ್ಕೆ ಹಾಕಿ ಮತ್ತೆ ಅಳೆಯಿರಿ: ತಗ್ಗು ಮಾಯವಾದರೆ ದೋಷ ಮಂಚದ್ದು.

ಅಳತೆ ತೆಗೆಯುವಾಗ ಹಳೆಯ ಹಾಸಿಗೆಯನ್ನಲ್ಲ, ಮಂಚದ ಒಳಚೌಕಟ್ಟನ್ನು ಮೂರು ಕಡೆ ಅಳೆಯಿರಿ. ಒಂದೆರಡು ಸೆಂ.ಮೀ. ಹೆಚ್ಚುಕಡಿಮೆಯನ್ನು ತಯಾರಕರು ದೋಷವೆಂದು ಒಪ್ಪುವುದಿಲ್ಲ. ಉದ್ದ ನಿಮ್ಮ ಎತ್ತರಕ್ಕಿಂತ 15 ಸೆಂ.ಮೀ. ಆದರೂ ಹೆಚ್ಚಿರಲಿ.

ಸುರುಳಿ ಸುತ್ತಿ ಗಾಳಿ ತೆಗೆದು ಬರುವ ಹಾಸಿಗೆಯಾದರೆ ಸಹಿ ಹಾಕುವ ಮುನ್ನ ಲೇಬಲ್ಲಿನ ಅಳತೆ ಮತ್ತು ತಯಾರಿಕೆಯ ತಿಂಗಳು ನೋಡಿ. ಬಹಳ ತಿಂಗಳು ಒತ್ತಿಟ್ಟ ಫೋಮ್ ಪೂರ್ತಿ ಉಬ್ಬದೇ ಹೋಗಬಹುದು. ಭಾರಿ ಕಡಿತದಲ್ಲಿ ಬರುವುದು ಕೆಲವೊಮ್ಮೆ ಇಂಥ ಹಳೇ ದಾಸ್ತಾನೇ. ಪೆಟ್ಟಿಗೆಯನ್ನು ಮನೆಯ ತಕ್ಕಡಿಯಲ್ಲಿ ತೂಗಿ, ಫೋಟೊ ತೆಗೆದಿಡಿ. ಮಂಚದ ಮೇಲಿಟ್ಟ ನಂತರ ಪ್ಲಾಸ್ಟಿಕ್ಕನ್ನು ಕತ್ತರಿಯಲ್ಲಿ ಅಂಚಿನಿಂದ ಬಿಡಿಸಿ, ಚಾಕು ಆಳಕ್ಕೆ ಹೋದರೆ ಬಟ್ಟೆ ಸೀಳುತ್ತದೆ. ಕಿಟಕಿ ತೆರೆದಿಡಿ, ವಾಸನೆ ಕೆಲವು ದಿನಗಳಲ್ಲಿ ಇಳಿಯುತ್ತದೆ. 72 ಗಂಟೆ ಕಳೆದ ಮೇಲೆ ನಾಲ್ಕು ಮೂಲೆ ಮತ್ತು ನಡುವೆ ದಪ್ಪ ಅಳೆಯಿರಿ. ಹೇಳಿದ್ದಕ್ಕಿಂತ ದಪ್ಪ 2 ಸೆಂ.ಮೀ.ಗೂ ಮೀರಿ ಕಮ್ಮಿ ಇದ್ದರೆ ಅಳತೆಪಟ್ಟಿ ಕಾಣುವಂತೆ ಫೋಟೊ ತೆಗೆದು ಅಂದೇ ಬರೆದು ದೂರು ಕೊಡಿ. ಹಾಸಿಗೆಗೆ ಹೊಲಿದ ಲೇಬಲ್ ಕತ್ತರಿಸಬೇಡಿ, ಪ್ರಯೋಗಾವಧಿ ಮುಗಿಯುವವರೆಗೆ ಪೆಟ್ಟಿಗೆಯನ್ನೂ ಎಸೆಯಬೇಡಿ.