ಗಂಡನ ವರ್ಕ್ ಪರ್ಮಿಟ್‌ನ ಬಾಲ ಹಿಡಿದು ಸಿ ರಾಚಾದಲ್ಲಿ

ಥಾಯ್ಲೆಂಡ್‌ನಲ್ಲಿ ಇದ್ದೇವೆ ಅಂದರೆ ಕುಂದಾಪುರದ ಕಡೆಯ ನೆಂಟರು ಎರಡೇ ಪ್ರಶ್ನೆ ಕೇಳುತ್ತಾರೆ. ಪಟ್ಟಾಯ ಎಷ್ಟು ದೂರ? ಅಲ್ಲಿ ಹುಳ ಹುಪ್ಪಟೆ ಎಲ್ಲ ತಿನ್ನುತ್ತಾರಂತಲ್ಲ, ನೀವು ಎಂಥ ತಿನ್ನುತ್ತೀರಿ? ಮೊದಲನೆಯದಕ್ಕೆ ನನ್ನ ಉತ್ತರ, ಟ್ರಾಫಿಕ್ ಇಲ್ಲದಿದ್ದರೆ ಅರ್ಧ ಗಂಟೆ. ಎರಡನೆಯದಕ್ಕೆ, ಮೀನು. ಅಷ್ಟಕ್ಕೆ ಅವರಿಗೆ ಸಮಾಧಾನ.

ನಾವಿರುವುದು ಸಿ ರಾಚಾದಲ್ಲಿ. ಬ್ಯಾಂಕಾಕ್‌ನಿಂದ ನೂರು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಚೋನ್‌ಬುರಿ ಪ್ರಾಂತ್ಯದ ಕಡಲ ಊರು. ಪಕ್ಕದಲ್ಲೇ ಲೇಮ್ ಚಬಾಂಗ್ ಬಂದರು. ಸುತ್ತ ಎಲ್ಲಿ ನೋಡಿದರೂ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗಳು. ನನ್ನ ಗಂಡ ಅಂಥ ಒಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾರೆ. ಇಲ್ಲಿ ವಿದೇಶಿ ಅಂದರೆ ಜಪಾನಿನವರು. ಮೆನು ಕಾರ್ಡ್ ಥಾಯ್ ಮತ್ತು ಜಪಾನಿಯಲ್ಲಿ, ಕ್ಲಿನಿಕ್‌ನಲ್ಲಿ ಜಪಾನಿ ಮಾತಾಡುವ ಹುಡುಗಿ, ಅವರ ಮಕ್ಕಳಿಗೆ ಅವರದ್ದೇ ಶಾಲೆ. ನಾವು ಎರಡೂ ಕಡೆಗೆ ಸೇರದವರು. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ನಮಗಾಗಿ ಯಾರೂ ಏನನ್ನೂ ಸಿದ್ಧ ಮಾಡಿಟ್ಟಿಲ್ಲವಾದ್ದರಿಂದ ನಾನು ಥಾಯ್ ಕಲಿಯಲೇಬೇಕಾಯಿತು. ಮೀನು ಕೊಳ್ಳುವಷ್ಟು ಬರುತ್ತದೆ, ಜಗಳವಾಡುವಷ್ಟು ಬರುವುದಿಲ್ಲ.

ಮೀನಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಾಗದಪತ್ರದ ಗೋಳಿನಲ್ಲಿ ಮರೆತೇ ಹೋಗುತ್ತದೆ. ಇಲ್ಲಿನ ಜನರ ದಿನನಿತ್ಯದ ಮೀನು ಪ್ಲಾ ಥೂ. ನಮ್ಮ ಬಂಗುಡೆಯ ದಾಯಾದಿ, ಸ್ವಲ್ಪ ಗಿಡ್ಡ, ಸ್ವಲ್ಪ ಅಗಲ. ಕುತ್ತಿಗೆ ಮುರಿದು, ದುಂಡನೆಯ ಬಿದಿರಿನ ತಟ್ಟೆಯಲ್ಲಿ ತಲೆ ಬಗ್ಗಿಸಿ ಕೂರಿಸಿ ಬೇಯಿಸಿರುತ್ತಾರೆ. ತಲೆ ಯಾಕೆ ಬಗ್ಗಿಸುತ್ತಾರೆ ಅಂದರೆ, ಇಲ್ಲದಿದ್ದರೆ ಆ ಚಿಕ್ಕ ತಟ್ಟೆಯಲ್ಲಿ ಹಿಡಿಸುವುದಿಲ್ಲ. ನಾನು ಬೇಯಿಸಿದ್ದನ್ನು ಮುಟ್ಟುವುದಿಲ್ಲ. ಬೆಳಗ್ಗೆ ಬೇಗ ಹೋದರೆ ಹಸಿಯದ್ದು ಸಿಗುತ್ತದೆ. ಏಡಿ, ಬೊಂಡಾಸ್, ಪಚ್ಚಿಲೆ ಎಲ್ಲ ರಾಶಿ ರಾಶಿ. ಮೀನು ಮಾರುವ ಹೆಂಗಸರ ಬಾಯಿ ಗಂಗೊಳ್ಳಿಯವರಿಗೆ ಏನೂ ಕಮ್ಮಿ ಇಲ್ಲ. ಆದರೆ ಇಲ್ಲಿ ಚೌಕಾಸಿ ಮಾಡಿದರೆ ಕೂಗಾಡುವುದಿಲ್ಲ, ನಗುತ್ತಾರೆ. ಹಾಗೆ ನಗುತ್ತಲೇ ಒಂದು ಬಾತ್ (ಇಲ್ಲಿನ ರೂಪಾಯಿ) ಕೂಡ ಬಿಡುವುದಿಲ್ಲ.

ಮಾರ್ಕೆಟ್‌ನಲ್ಲಿ ನನಗೆ ಸ್ವರ್ಗ ಅನ್ನಿಸುವುದು ತೆಂಗಿನಕಾಯಿ ಅಂಗಡಿ. ಕಣ್ಣೆದುರೇ ಮೆಷಿನ್‌ಗೆ ಹಾಕಿ ತುರಿದು, ತೂಕ ಮಾಡಿ ಕೊಡುತ್ತಾರೆ. ಹಾಲು ಬೇಕಾದರೆ ಹಿಂಡಿಯೂ ಕೊಡುತ್ತಾರೆ. ತುರಿ ಮಾತ್ರ ಸಾಕು, ಹಿಂಡಬೇಡಿ ಅಂದರೆ ಆ ಅಂಗಡಿಯಾಕೆಗೆ ಈಗಲೂ ಆಶ್ಚರ್ಯ. ತುರಿಯನ್ನೇ ಅರೆದು ಸಾರು ಮಾಡುತ್ತೇವೆ ಅಂತ ಅವಳಿಗೆ ಅರ್ಥ ಮಾಡಿಸಲು ನನ್ನ ಥಾಯ್ ಸಾಲುವುದಿಲ್ಲ. ಅರೆಯಲು ಮಿಕ್ಸಿ ಇದೆ, ಆದರೂ ಆಂಗ್ ಸಿಲಾದಿಂದ ಒಂದು ಕಲ್ಲಿನ ಕುಟ್ಟಾಣಿ ತಂದಿಟ್ಟಿದ್ದೇನೆ. ಇದೇ ಪ್ರಾಂತ್ಯದ ಊರು ಅದು, ಕಲ್ಲಿನ ಕುಟ್ಟಾಣಿಗೇ ಹೆಸರುವಾಸಿ. ಮೆಣಸು ಮಾತ್ರ ಇಲ್ಲಿಯದು ಆಗುವುದಿಲ್ಲ. ಖಾರ ಇದೆ, ಬಣ್ಣ ಇಲ್ಲ. ಬ್ಯಾಡಗಿ ಮೆಣಸು ಊರಿಂದಲೇ ಬರಬೇಕು. ಕರಿಬೇವು ಹಿಂದಿನ ಅಂಗಳದ ಕುಂಡದಲ್ಲಿದೆ. ನಮ್ಮದು ಟೌನ್‌ಹೌಸ್, ಅಡುಗೆಮನೆ ಮನೆಯ ಹಿಂದೆ, ಹೊರಗೆ. ಮೀನು ಹುರಿದ ವಾಸನೆಗೆ ಯಾರೂ ತಕರಾರು ಮಾಡುವುದಿಲ್ಲ. ಅವರೂ ಹುರಿಯುತ್ತಾರಲ್ಲ.

ಇನ್ನು ಕಾಗದಪತ್ರ.

ನಮ್ಮ ಮನೆಯಲ್ಲಿ ಒಂದು ನೀಲಿ ಫೈಲು ಇದೆ. ಬಂಗಾರ ಎಲ್ಲಿದೆ ಅಂತ ನನಗೆ ಒಮ್ಮೊಮ್ಮೆ ಮರೆಯುತ್ತದೆ, ಈ ಫೈಲು ಎಲ್ಲಿದೆ ಅನ್ನುವುದು ಮರೆಯುವುದಿಲ್ಲ. ಗಂಡನದ್ದು ನಾನ್ ಇಮಿಗ್ರಂಟ್ ಬಿ ವೀಸಾ, ಕೆಲಸದ್ದು. ನನ್ನದು ಓ, ಅಂದರೆ ಅವರ ಅವಲಂಬಿತೆ. ವರ್ಷಕ್ಕೊಮ್ಮೆ 1,900 ಬಾತ್ ಕಟ್ಟಿ ವಿಸ್ತರಿಸಬೇಕು. ಅವರದ್ದಾದರೆ ನನ್ನದು. ಅವರ ಕೆಲಸ ಹೋದರೆ ಅವರು ಇಲ್ಲಿರುವ ಆಧಾರ ಹೋಯಿತು, ಜೊತೆಗೆ ನನ್ನದೂ. ಮದುವೆ ಆಗಿದೆ ಅನ್ನುವುದಕ್ಕೆ ಸರ್ಟಿಫಿಕೇಟು, ಅದರ ಥಾಯ್ ಅನುವಾದ, ಅದರ ಮೇಲೆ ಮುದ್ರೆ. ಅಷ್ಟು ಜನರೆದುರು ತಾಳಿ ಕಟ್ಟಿಸಿಕೊಂಡದ್ದು ಇಲ್ಲಿ ಲೆಕ್ಕಕ್ಕಿಲ್ಲ.

ಇದಲ್ಲದೆ 90 ದಿನಕ್ಕೊಮ್ಮೆ, ನಾವು ಇದೇ ವಿಳಾಸದಲ್ಲಿ ಇದ್ದೇವೆ ಅಂತ ತಿಳಿಸಬೇಕು. ಟಿಎಂ 47 ಅನ್ನುವ ಫಾರಂ. ಗಡುವಿಗೆ 15 ದಿನ ಮುಂಚಿನಿಂದ 7 ದಿನ ನಂತರದವರೆಗೆ ಅವಕಾಶ. ಅದೂ ದಾಟಿದರೆ 2,000 ಬಾತ್ ದಂಡ. ಆನ್‌ಲೈನ್‌ನಲ್ಲೂ ಮಾಡಬಹುದು. ನಾನು ಇಮಿಗ್ರೇಶನ್ ಆಫೀಸಿಗೇ ಹೋಗುತ್ತೇನೆ. ಪಾಸ್‌ಪೋರ್ಟ್‌ಗೆ ಒಂದು ಚೀಟಿ ಪಿನ್ ಹೊಡೆದು ಕೊಟ್ಟರೆ ನನಗೆ ಏನೋ ನಿಶ್ಚಿಂತೆ. ಕಾಪಿ ತೆಗೆದ ಪ್ರತಿ ಪುಟಕ್ಕೂ ನಮ್ಮ ಸಹಿ ಬೇಕು. ನನ್ನ ಸಹಿ ಮೊದಲು ಉದ್ದವಿತ್ತು. ಈಗ ಒಂದು ಗೀಟು, ಒಂದು ಚುಕ್ಕೆ.

ದೇಶ ಬಿಟ್ಟು ಹೊರಗೆ ಹೋಗುವಾಗ ರೀ-ಎಂಟ್ರಿ ಪರ್ಮಿಟ್ ತೆಗೆದುಕೊಳ್ಳಬೇಕು. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿ ಬರುವಂಥದ್ದಕ್ಕೆ 3,800. ತೆಗೆದುಕೊಳ್ಳದೆ ವಿಮಾನ ಹತ್ತಿದರೆ, ವರ್ಷದ ವೀಸಾ ಇದ್ದರೂ ಅಲ್ಲಿಗೆ ಮುಗಿಯಿತು, ಮತ್ತೆ ಮೊದಲಿಂದ ಶುರು. ಊರಿನಲ್ಲಿ ಯಾರಿಗಾದರೂ ಹುಷಾರಿಲ್ಲ ಅಂತ ರಾತ್ರಿ ಫೋನ್ ಬಂದರೆ ಅಳು ಬರುವ ಮೊದಲು ಈ ಪರ್ಮಿಟ್‌ನ ತಾರೀಕು ನೆನಪಾಗುತ್ತದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಇದೆ. ಅದಕ್ಕೇ ನಾವು 3,800 ಕೊಟ್ಟುಬಿಡುತ್ತೇವೆ.

ನನಗೆ ನಿಜವಾಗಿ ಚುಚ್ಚುವುದು ಫಾರಂಗಳಲ್ಲ. ಕೆಲಸ ಮಾಡುವ ಹಾಗಿಲ್ಲ ಅನ್ನುವುದು. ಊರಿನಲ್ಲಿ ನಾನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತಿದ್ದೆ. ಇಲ್ಲಿ ನನ್ನದೇ ವರ್ಕ್ ಪರ್ಮಿಟ್ ಇಲ್ಲದೆ ಏನೂ ಮಾಡುವಂತಿಲ್ಲ. ದುಡ್ಡು ತೆಗೆದುಕೊಳ್ಳದೆ ಸುಮ್ನೆ ಸಹಾಯ ಮಾಡಿದರೂ ಅದು ಕೆಲಸವೇ ಅನ್ನಿಸಿಕೊಳ್ಳಬಹುದು. ನಮ್ಮ ಮನೆ ಓನರ್ ಅಕ್ಕನಿಗೆ ನೀರ್ ದೋಸೆ ಅಂದರೆ ಪ್ರಾಣ. ಸಂಜೆ ಮಾರ್ಕೆಟ್‌ನಲ್ಲಿ ಒಂದು ಗಾಡಿ ಇಡು, ಸಾಲು ನಿಲ್ಲುತ್ತಾರೆ ಅಂತ ಹೇಳುತ್ತಲೇ ಇರುತ್ತಾರೆ. ಅವರ ದೇಶದ ಕಾನೂನು ಅವರಿಗೇ ಗೊತ್ತಿಲ್ಲ. ಬೀದಿ ವ್ಯಾಪಾರ, ಕೂದಲು ಕತ್ತರಿಸುವುದು, ಟೂರಿಸ್ಟ್ ಗೈಡ್ ಕೆಲಸ, ಇಂಥವು ಥಾಯ್ ಪ್ರಜೆಗಳಿಗೇ ಮೀಸಲು. ಕಂಪನಿ ಮಾಡಿಕೊಂಡು ಹೊರಡೋಣ ಅಂದರೆ ಸಾಮಾನ್ಯವಾಗಿ ಒಬ್ಬ ವಿದೇಶಿಯ ಪರ್ಮಿಟ್‌ಗೆ 20 ಲಕ್ಷ ಬಾತ್ ಬಂಡವಾಳ, ನಾಲ್ಕು ಜನ ಥಾಯ್ ನೌಕರರು ಬೇಕು. ನೀರ್ ದೋಸೆಗೆ ನಾಲ್ಕು ನೌಕರರಾ! ಒಬ್ಬರು ಹಿಟ್ಟು ರುಬ್ಬಿ, ಒಬ್ಬರು ಹೊಯ್ದು, ಉಳಿದಿಬ್ಬರು ನನ್ನ ಸಹಿ ನೋಡಿಕೊಂಡು ಕೂರಬೇಕು.

ಕಾನೂನು ತಪ್ಪು ಅನ್ನುತ್ತಿಲ್ಲ. ಗಾಡಿ ಇಟ್ಟುಕೊಂಡು ಬದುಕುವ ಇಲ್ಲಿನ ಹೆಂಗಸರನ್ನು ನೋಡಿದರೆ, ಆ ಕೆಲಸ ಅವರಿಗೇ ಇರಲಿ ಅನ್ನಿಸುತ್ತದೆ. ಆದರೆ ಮಧ್ಯಾಹ್ನ ಎರಡು ಗಂಟೆಗೆ, ಮನೆ ಕೆಲಸ ಮುಗಿದು, ಎಸಿ ಸದ್ದು ಒಂದೇ ಕೇಳುವಾಗ ಅಷ್ಟು ದೊಡ್ಡ ಮನಸ್ಸು ನನಗೆ ಇರುವುದಿಲ್ಲ. ಸೋಶಿಯಲ್ ಸೆಕ್ಯೂರಿಟಿ ಅಂತ ಗಂಡನ ಸಂಬಳದಲ್ಲಿ ಪ್ರತಿ ತಿಂಗಳು ಹಿಡಿಯುತ್ತಾರೆ. ಆಸ್ಪತ್ರೆ ಖರ್ಚು ಅದರಲ್ಲಿ ಅವರಿಗೆ ಮಾತ್ರ. ಹೆಂಡತಿಗೆ ಬೇರೆ ಇನ್ಶೂರೆನ್ಸ್ ಮಾಡಿಸಿಕೊಳ್ಳಬೇಕು. ಅಲ್ಲಿಯೂ ನಾನು ಹೆಚ್ಚುವರಿ ಸಾಲಿನಲ್ಲಿದ್ದೇನೆ.

ಉಳಿದಂತೆ ಬದುಕು ಸಲೀಸು. ಕರೆಂಟ್ ಬಿಲ್ ಸೆವೆನ್ ಇಲೆವೆನ್‌ನಲ್ಲಿ ಕಟ್ಟಬಹುದು, ರಾತ್ರಿ ಹನ್ನೆರಡಕ್ಕೂ. ಬಾಡಿಗೆ ಮನೆ ಹುಡುಕುವವರು ಮಾತ್ರ ಕರೆಂಟ್ ಯಾರಿಗೆ ಕಟ್ಟಬೇಕು ಅಂತ ಮೊದಲೇ ಕೇಳಿ. ಸರ್ಕಾರದ ದರ ಯೂನಿಟ್‌ಗೆ 4 ಬಾತ್‌ನ ಆಸುಪಾಸು. ಕೆಲವು ಅಪಾರ್ಟ್‌ಮೆಂಟ್‌ಗಳಲ್ಲಿ ಮಾಲೀಕರು 7, 8 ಹಾಕುತ್ತಾರೆ. ಎರಡು ತಿಂಗಳ ಡಿಪಾಸಿಟ್, ಒಂದು ತಿಂಗಳ ಅಡ್ವಾನ್ಸ್ ಸಾಮಾನ್ಯ. ಹಾಲಿನ ಪ್ಯಾಕೆಟ್ ಮೇಲೆ 2568 ಅಂತ ಇದ್ದರೆ ಗಾಬರಿ ಬೇಡ. ಬುದ್ಧನ ಲೆಕ್ಕದ ವರ್ಷ, 543 ಕಳೆದರೆ ನಮ್ಮ 2025. ಸಂಜೆ ಕಡಲ ಬದಿಯ ಪಾರ್ಕ್‌ಗೆ ವಾಕಿಂಗ್ ಹೋದಾಗ ಸರಿಯಾಗಿ ಆರು ಗಂಟೆಗೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬಂದರೆ, ಓಡುತ್ತಿರುವವರೂ ನಿಲ್ಲುತ್ತಾರೆ. ನೀವೂ ನಿಂತುಬಿಡಿ. ಮುಗಿದ ಕೂಡಲೇ ಏರೋಬಿಕ್ಸ್ ಹಾಡು ಶುರುವಾಗುತ್ತದೆ. ನಾನೂ ಕುಣಿಯುತ್ತೇನೆ, ಹಿಂದಿನ ಸಾಲಿನಲ್ಲಿ.

ಈಗ ಮನೆಯಲ್ಲಿ ಚರ್ಚೆ ಅಪ್ಪಯ್ಯ ಬರುವುದರ ಬಗ್ಗೆ. ಅವರಿಗೆ ಪಟ್ಟಾಯ ಬೇಡ, ಬ್ಯಾಂಕಾಕ್ ಬೇಡ. ಚೋನ್‌ಬುರಿಯ ಕೋಣದ ಓಟ ನೋಡಬೇಕಂತೆ. ಬೌದ್ಧರ ಮಳೆಗಾಲದ ವ್ರತ ಮುಗಿಯುವ ಹೊತ್ತಿಗೆ, ಹೆಚ್ಚಾಗಿ ಅಕ್ಟೋಬರ್‌ನಲ್ಲಿ ನಡೆಯುತ್ತದೆ. ನಾನು ಹೋದ ಸಲ ವಿಡಿಯೋ ಕಳಿಸಿದ್ದೆ. ಕಂಬಳದ ಹಾಗೆ ಜೋಡಿ ಕೋಣ ಇಲ್ಲ, ಕೆಸರೂ ಇಲ್ಲ. ಒಣ ನೆಲದಲ್ಲಿ ಒಂಟಿ ಕೋಣ, ಅದರ ಬೆನ್ನ ಮೇಲೆ ಹುಡುಗ ಕೂತು ಓಡಿಸುತ್ತಾನೆ, ಜೀನೂ ಇಲ್ಲದೆ. ಅಪ್ಪಯ್ಯ ಅದನ್ನು ಎಷ್ಟು ಸಲ ನೋಡಿದರೋ. ಬೆನ್ನ ಮೇಲೆ ಕೂತರೆ ಕೋಣಕ್ಕೆ ಭಾರ ಅಲ್ವಾ, ಹಿಂದೆ ಓಡಲಿಕ್ಕೆ ಎಂಥ ದಾಡಿ ಅಂತ ಅವರ ವಾದ. ಎದುರೇ ನಿಂತು ಕೇಳುತ್ತಾರಂತೆ. ಅನುವಾದಕ್ಕೆ ನಾನು.

ಹಾಗಾಗಿ ಅವರದ್ದೂ ಒಂದು ಫೈಲು ಶುರುವಾಗಿದೆ. 2024ರ ಜುಲೈನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರುವ ಅವಕಾಶ ಕೊಟ್ಟಿದ್ದರು. ಇಂಥ ನಿಯಮ ಬದಲಾಗುತ್ತಾ ಇರುತ್ತದೆ, ಹೊರಡುವ ಮೊದಲು ನೋಡಿಕೊಂಡೇ ಟಿಕೆಟ್ ಮಾಡುವುದು. 2025ರ ಮೇ 1ರಿಂದ ಬಂದಿಳಿಯುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಅದು ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕಿದರೆ ಅದು ಸರ್ಕಾರದ್ದಲ್ಲ. ಆಮೇಲೆ ಅವರು ನಮ್ಮ ಮನೆಗೆ ಬಂದ 24 ಗಂಟೆಯೊಳಗೆ, ಇಂಥ ವಿದೇಶಿ ನನ್ನ ಮನೆಯಲ್ಲಿ ಇದ್ದಾರೆ ಅಂತ ಓನರ್ ಅಕ್ಕ ಟಿಎಂ 30 ಕೊಡಬೇಕು. ಇಮಿಗ್ರೇಶನ್ ಇಲ್ಲಿ ಪೊಲೀಸ್ ಇಲಾಖೆಯ ಕೆಳಗೆ ಬರುತ್ತದೆ. ಇದನ್ನೆಲ್ಲ ಫೋನಿನಲ್ಲಿ ವಿವರಿಸಿದೆ. ಅಪ್ಪಯ್ಯ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಮಗಳ್ ಮನಿಗ್ ಬಪ್ಪುಕೂ ಪೊಲೀಸರಿಗ್ ಹೇಳ್ಕಾ?"

ಹೂಂ ಅಂದೆ. ಓನರ್ ಅಕ್ಕನಿಗೆ ಕೊಡಲು ಹಪ್ಪಳ ತರುತ್ತಾರಂತೆ.